ಇಲೆಕ್ಟ್ರಿಕ್ ವಾಟರ್ ಪಂಪ್ ಇರುವ ಕಾರು ಸೆಕೆಂಡ್ ಹ್ಯಾಂಡ್ ತಗೋಬಹುದಾ?

ನಿಮ್ಮ ಪ್ರಶ್ನೆ ನನಗೆ ತಿಳಿದ ಹಾಗೆ ಇಷ್ಟು: ಇರುವುದು ವಿಜಯಪುರದಲ್ಲಿ, 74 ಸಾವಿರ ಕಿಲೋಮೀಟರ್ ಓಡಿದ ಬಿಎಂಡಬ್ಲ್ಯೂ 328ಐ ನೋಡಿಟ್ಟಿದ್ದೀರಿ, ಅದರ ಇಲೆಕ್ಟ್ರಿಕ್ ವಾಟರ್ ಪಂಪ್ (ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವವನ್ನು ಕರೆಂಟಿನ ಮೋಟರಿನಿಂದ ಸುತ್ತಿಸುವ ಪಂಪು) ಜಾಸ್ತಿ ದಿನ ಬಾಳುವುದಿಲ್ಲ ಅಂತ ಯಾರೋ ಹೆದರಿಸಿದ್ದಾರೆ. ನಿಜಾನಾ?

ನಿಜ. ಆದರೆ ಅದೊಂದೇ ಕಾರಣಕ್ಕೆ ಕಾರು ಬಿಡಬೇಡಿ. ಟೈರು, ಬ್ಯಾಟರಿ ಬದಲಿಸುತ್ತೇವಲ್ಲ, ಆ ಪಟ್ಟಿಗೆ ಪಂಪನ್ನೂ ಸೇರಿಸಿಕೊಂಡರೆ ಆಯಿತು. ನಾನು ಸೇರಿಸಿಕೊಂಡಿರಲಿಲ್ಲ, ಅನುಭವಿಸಿದೆ.

ನಾನು ಬೆಳಗಾವಿಯವನು. ನನ್ನದೂ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಸೆಡಾನ್, ಕಂಪನಿ ಹೆಸರು ಬೇಡ ಬಿಡಿ. ಒಂದು ಮೇ ತಿಂಗಳಲ್ಲಿ ಗೋವಾದಿಂದ ವಾಪಸ್ ಬರುತ್ತಾ ಸಾಂಖಳಿ ದಾಟಿ ಚೋರ್ಲಾ ಘಾಟಿ ಏರುತ್ತಿದ್ದೆವು, ಎಸಿ ಫುಲ್ ಇತ್ತು, ಹಿಂದಿನ ಸೀಟಿನಲ್ಲಿ ಕಾಕಾ ಮತ್ತು ಕಾಕು. ಒಂದು ಹನಿ ಕೂಲಂಟ್ ಸೋರಿರಲಿಲ್ಲ. ಒಂದು ಶಬ್ದ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಸ್ಕ್ರೀನಿನಲ್ಲಿ ಹಳದಿ ಗುರುತು ಬಂತು, ಮುಂದಿನ ತಿರುವು ದಾಟುವಷ್ಟರಲ್ಲಿ ಅದು ಕೆಂಪಾಯಿತು, ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುತ್ತಿಲ್ಲ. ಜಾಗ ಸಿಕ್ಕ ಕಡೆ ನಿಲ್ಲಿಸಿ ಬಂದ್ ಮಾಡಿದೆ. ಇನ್ನೊಂದು ಎರಡು ಕಿಲೋಮೀಟರ್ ಹೋಗಿ ನೋಡೋಣ ಅಂತ ಮನಸ್ಸಿಗೆ ಬಂದಿತ್ತು. ಹೋಗಿದ್ದರೆ ಇಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಕೆಳಗೆ ಹಾಕಿರುವ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು, ಹೆಡ್ ಬಾಗಿದರೂ ಬಾಗುತ್ತಿತ್ತು.

ಕಾಕಾನಿಗೆ ಬೈಲಹೊಂಗಲ ಹತ್ತಿರ ಹೊಲ ಇದೆ, ಎರಡು ಬೋರ್ ಇವೆ. ಬಾನೆಟ್ ಎತ್ತಿ ಎಲ್ಲಾ ಒಣಗಿರುವುದನ್ನು ನೋಡಿ ಅವರು ಹೇಳಿದ್ದು ಇದು: "ತಮ್ಮಾ, ಬೋರಿನ ಮೋಟರ್ ಸುಟ್ಟಂಗ ಆಗೇತಿ ನೋಡು. ನಿನ್ನಿ ತನಕ ಚಲೋ ನೀರ ಎತ್ತಿರತೈತಿ, ಇವತ್ತ ಬಟನ್ ಒತ್ತಿದ್ರ ಸುಮ್ನ ಕುಂದರತೈತಿ."

ಆಗ ನಕ್ಕಿದ್ದೆ. ಆಮೇಲೆ ಓದಿ ತಿಳಿದುಕೊಂಡಾಗ ಅವರು ಹೇಳಿದ್ದು ಅಕ್ಷರಶಃ ಸರಿ ಇತ್ತು. ಇಂಜಿನ್ನಿನ ಬೆಲ್ಟೇ ತಿರುಗಿಸುವ ಹಳೇ ಪಂಪಿಗೆ ಹೊರಗಡೆ ಪುಲ್ಲಿ, ಒಳಗಡೆ ಕೂಲಂಟ್ ತಳ್ಳುವ ರೆಕ್ಕೆಯ ಚಕ್ರ ಅಂದರೆ ಇಂಪೆಲ್ಲರ್, ನಡುವೆ ಶಾಫ್ಟು ಮತ್ತು ಸೀಲು. ಸೀಲು ಸವೆದರೆ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ತೊಟ್ಟಿಕ್ಕುತ್ತದೆ, ಬೇರಿಂಗ್ ಹೋಗುವಾಗ ಕಿರುಗುಟ್ಟುತ್ತದೆ, ಅಂದರೆ ವಾರಗಟ್ಟಲೆ ಮುಂಚೆಯೇ ನಿಮಗೆ ಸುಳಿವು ಸಿಗುತ್ತದೆ. ಇಲೆಕ್ಟ್ರಿಕ್ ಪಂಪಿನ ರೋಟರ್ ಸಾಮಾನ್ಯವಾಗಿ ಕೂಲಂಟಿನಲ್ಲೇ ಮುಳುಗಿ ತಿರುಗುತ್ತದೆ, ಸಬ್‌ಮರ್ಸಿಬಲ್ ಮೋಟರಿನ ಹಾಗೆ. ಹೊರಗೆ ಬರುವ ಶಾಫ್ಟೂ ಇಲ್ಲ, ಸೋರುವ ಸೀಲೂ ಇಲ್ಲ. ಅದಕ್ಕೇ ಅದು ಹೇಳದೆ ಕೇಳದೆ ಸಾಯುತ್ತದೆ. ಬಹಳ ಸಲ ಇಂಪೆಲ್ಲರ್ ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ಅದರ ಬೆನ್ನಿಗೆ ಅಂಟಿಕೊಂಡಿರುವ ಇಲೆಕ್ಟ್ರಾನಿಕ್ ಬೋರ್ಡು. ನೂರು ಡಿಗ್ರಿ ಕಾಯುವ ಇಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ಕಾದು, ಆರಿ, ಅದುರುತ್ತಾ ಇರುವ ಬೋರ್ಡು ಎಷ್ಟು ದಿನ ಅಂತ ತಡೆದೀತು?

ಹಾಗಾದರೆ ಕಂಪನಿಗಳು ಇದನ್ನು ಯಾಕೆ ಹಾಕುತ್ತವೆ? ಕಾರಣ ಇದೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಮೊದಲು ತಂದದ್ದು ಬಿಎಂಡಬ್ಲ್ಯೂದ ಎನ್52, 2004ರ ಸುಮಾರಿನ ಆರು ಸಿಲಿಂಡರ್ ಇಂಜಿನ್. ಆ ಪಂಪಿಗೆ ಬೇಕಾಗಿದ್ದು 200 ವ್ಯಾಟ್, ಬೆಲ್ಟಿನ ಪಂಪಾಗಿದ್ದರೆ ಸುಮಾರು 2 ಕಿಲೋವ್ಯಾಟ್ ತಿನ್ನುತ್ತಿತ್ತು. ಇಂಜಿನ್ ತಣ್ಣಗಿದ್ದಾಗ ಪಂಪನ್ನು ಹೆಚ್ಚುಕಮ್ಮಿ ನಿಲ್ಲಿಸಬಹುದು, ಟ್ರಾಫಿಕ್ಕಿನಲ್ಲಿ ಇಂಜಿನ್ ನಿಧಾನ ಇದ್ದರೂ ಜೋರಾಗಿ ಓಡಿಸಬಹುದು, ಗಾಡಿ ಬಂದ್ ಮಾಡಿದ ಮೇಲೂ ಟರ್ಬೊಗೆ ಕೂಲಂಟ್ ಹರಿಸುತ್ತಾ ಇರಬಹುದು. ಪಾರ್ಕಿಂಗಿನಲ್ಲಿ ಬೀಗ ಹಾಕಿ ಹೋದ ಮೇಲೆ ಬಾನೆಟ್ ಒಳಗೆ ಗುಂಯ್ ಅಂತಿರುತ್ತದಲ್ಲ, ಎಷ್ಟೋ ಸಲ ಅದೇ ಇದು. ಗಾಬರಿ ಬೇಡ. ಆದರೆ 2015ರಲ್ಲಿ ಬಿ58 ಇಂಜಿನ್ ಬಂದಾಗ ಅದೇ ಬಿಎಂಡಬ್ಲ್ಯೂ ಮುಖ್ಯ ಪಂಪನ್ನು ಮತ್ತೆ ಬೆಲ್ಟಿಗೇ ಕಟ್ಟಿತು. ನನಗೆ ಅದು ಸಾಕಷ್ಟು ಹೇಳುತ್ತದೆ.

ನೀವು ನೋಡಿರುವ ಗಾಡಿಯ ನಾಲ್ಕು ಸಿಲಿಂಡರಿನ ಎನ್20 ಇಂಜಿನ್ನಿನದು ಇಲೆಕ್ಟ್ರಿಕ್ ಪಂಪೇ. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಇಂಥ ನಾಲ್ಕು ಸಿಲಿಂಡರ್ ಬಿಎಂಡಬ್ಲ್ಯೂಗಳನ್ನು 7 ಲಕ್ಷಕ್ಕಿಂತ ಜಾಸ್ತಿ ಸಂಖ್ಯೆಯಲ್ಲಿ ವಾಪಸ್ ಕರೆದರು, 328ಐ ಕೂಡ ಅದರಲ್ಲಿತ್ತು. ಪಂಪಿನ ಕನೆಕ್ಟರ್ ಸರಿಯಾಗಿ ಸೀಲ್ ಆಗಿರಲಿಲ್ಲ, ಮೇಲಿಂದ ಇಂಜಿನ್ನಿನ ದ್ರವ ಅದರ ಮೇಲೆ ಬಿದ್ದರೆ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯ ಇತ್ತು. ಪರಿಹಾರವಾಗಿ ಕನೆಕ್ಟರ್ ಮೇಲೆ ಒಂದು ರಕ್ಷಣಾ ಕವಚ, ಬೇಕಾದರೆ ಹೊಸ ಪಂಪು. ನೀವು ಗಾಡಿಯ ಚಾಸಿ ನಂಬರ್ ತೆಗೆದುಕೊಂಡು ಡೀಲರ್ ಹತ್ತಿರ ಕೇಳಿ, ಬಾಕಿ ಇರುವ ರೀಕಾಲ್ ಏನಾದರೂ ಇದೆಯಾ ಅಂತ. ಕೇಳುವುದಕ್ಕೆ ದುಡ್ಡಿಲ್ಲ.

ಎಷ್ಟು ಕಿಲೋಮೀಟರ್ ಬಾಳುತ್ತದೆ ಅಂದರೆ, ಒಂದು ಲಕ್ಷದ ಆಚೆ ಈಚೆ ಹೋಗುವುದೇ ಜಾಸ್ತಿ. ಕೆಲವು ಒಂದೂವರೆ ಲಕ್ಷ ಓಡುತ್ತವೆ. ನನ್ನ ಲೆಕ್ಕ: 80 ಸಾವಿರ ಅಥವಾ ಎಂಟು ವರ್ಷ, ಯಾವುದು ಮೊದಲೋ ಅದು. ನಿಮ್ಮ ಗಾಡಿ ಕಿಲೋಮೀಟರಿನಲ್ಲಿ ಹತ್ತಿರ ಬಂದಿದೆ, ವರ್ಷ ನೀವು ಹೇಳಿಲ್ಲ, ಆದರೂ 328ಐ ಅಂದರೆ ವಯಸ್ಸಿನಲ್ಲಿ ದಾಟಿರಲೇಬೇಕು. ವಿಜಯಪುರದ ಏಪ್ರಿಲ್ ಬಿಸಿಲು ಬೇರೆ. ಹಾಗಾಗಿ ಬೆಲೆ ಮಾತಾಡುವಾಗಲೇ ಪಂಪು, ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಕೂಲಂಟ್ ಬಿಡುವ ವಾಲ್ವು) ಎರಡರ ಖರ್ಚನ್ನೂ ಹಿಡಿದು ಕಡಿಮೆ ಕೇಳಿ. ನನಗೆ ಎರಡೂ ಸೇರಿ ಲೇಬರ್, ಕೂಲಂಟ್ ಸಮೇತ 62 ಸಾವಿರ ಆಯಿತು, ಫ್ಲಾಟ್‌ಬೆಡ್ ಬಾಡಿಗೆ ಬಿಟ್ಟು. ಕಣಕುಂಬಿ ಕಡೆ ಮೊಬೈಲ್ ನೆಟ್‌ವರ್ಕ್ ಇಲ್ಲದೆ ಕಾಕು ಬೈದದ್ದು ಲೆಕ್ಕಕ್ಕಿಲ್ಲ.

ಕೆಲಸ ಮಾಡಿದ್ದು ಖಾನಾಪುರ ರೋಡಿನ ಒಬ್ಬ ಮೆಕ್ಯಾನಿಕ್. ಅವನಿಂದ ಕಲಿತ ಒಂದು ಮಾತು. ಹೊಸ ಪಂಪ್ ಹಾಕಿದ ಮೇಲೆ ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯದೆ ಸ್ಟಾರ್ಟ್ ಮಾಡಿದರೆ ಅದು ಒಣ ಓಡಿ ಹಾಳಾಗುತ್ತದೆ. "ಸರ, ಬೋರಿನ್ಯಾಗ ನೀರ ಇಲ್ಲದ ಮೋಟರ್ ಓಡಿಸಿದಂಗ್ರಿ" ಅಂದ. ಇಲ್ಲೂ ಬೋರೇ! ಬಿಎಂಡಬ್ಲ್ಯೂಗಳಲ್ಲಿ ಇದಕ್ಕೆ ಸ್ಕ್ಯಾನರ್ ಕೂಡ ಬೇಕಾಗಿಲ್ಲ: ಬ್ಯಾಟರಿಗೆ ಚಾರ್ಜರ್ ಹಾಕಿ, ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಅತಿ ಕಡಿಮೆಗೆ ಇಟ್ಟು, ಆಕ್ಸಿಲರೇಟರನ್ನು 10 ಸೆಕೆಂಡ್ ಪೂರ್ತಿ ಒತ್ತಿ ಹಿಡಿದರೆ ಪಂಪು ತಾನೇ ಸುಮಾರು 12 ನಿಮಿಷ ಓಡಿ ಗಾಳಿ ಹೊರಹಾಕುತ್ತದೆ. ಪಂಪಿನ ಅಲ್ಯೂಮಿನಿಯಂ ಬೋಲ್ಟುಗಳನ್ನು ಹಳೆಯವೇ ಮತ್ತೆ ಹಾಕಲು ಬಿಡಬೇಡಿ, ಅವು ಒಂದೇ ಸಲಕ್ಕೆ.

ಇನ್ನೊಂದು, ನಮ್ಮ ಕಡೆಯ ಚಟ. ಕೂಲಂಟ್ ಕಮ್ಮಿ ಆದರೆ ಬೋರಿನ ನೀರು ಸುರಿಯುವುದು. ಬಾಗಲಕೋಟೆ, ವಿಜಯಪುರದ ಗಡಸು ನೀರು ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪಂಪಿನೊಳಗೂ ಕಟ್ಟುತ್ತದೆ. ರೋಟರಿನಲ್ಲಿ ಆಯಸ್ಕಾಂತ ಇರುವುದರಿಂದ ತುಕ್ಕಿನ ಪುಡಿ ಬೇರೆ ಅಲ್ಲೇ ಬಂದು ಕೂರುತ್ತದೆ. 2017ರಲ್ಲಿ ಆಡಿ ಅಮೆರಿಕದಲ್ಲಿ 2 ಲೀಟರ್ ಟರ್ಬೊ ಕಾರುಗಳನ್ನು ವಾಪಸ್ ಕರೆದಿದ್ದೂ ಕೂಲಂಟಿನ ಕಸ ಸಿಕ್ಕಿ ಇಲೆಕ್ಟ್ರಿಕ್ ಪಂಪ್ ಬಿಸಿಯಾಗುತ್ತದೆ ಅಂತಲೇ. ಸರಿಯಾದ ಕೂಲಂಟ್, ಡಿಸ್ಟಿಲ್ಡ್ ವಾಟರ್, ಅಷ್ಟೇ. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಯಾವುದೂ ಬೇಡ.

ಕೊನೆಯಲ್ಲಿ ನಿಮ್ಮ ಗೆಳೆಯರು ಅವರ ಸ್ವಿಫ್ಟಿಗೆ ಬೆಲ್ಟ್ ಪಂಪ್ ತೆಗೆದು ಡೇವಿಸ್ ಕ್ರೇಗ್ ಕಂಪನಿಯ ಇಲೆಕ್ಟ್ರಿಕ್ ಪಂಪ್ ಹಾಕಬೇಕು ಅಂತಿದ್ದಾರೆ ಎಂದು ಬರೆದಿದ್ದೀರಿ. ಒಳ್ಳೆಯ ಪಂಪೇ, ನಿಮಿಷಕ್ಕೆ 80, 115, 150 ಲೀಟರಿನವು ಸಿಗುತ್ತವೆ. ಆದರೆ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಹೋಗುವ ಗಾಡಿ ಅಲ್ಲ, ಮನೆ ಆಫೀಸು ಓಡಾಡುವ ಗಾಡಿ ಅಂದರೆ ನನಗಂತೂ ಅದು ಸುಮ್ನೆ ತಲೆನೋವು. ಹಾಕಲೇಬೇಕು ಅಂದರೆ ಪಂಪಿನೊಳಗೆ ಯಾವಾಗಲೂ ಕೂಲಂಟ್ ತುಂಬಿರುವ ಹಾಗೆ ಆದಷ್ಟು ಕೆಳಗೆ ಕೂರಿಸಲಿ, ಅದಕ್ಕೇ ಬೇರೆ ರಿಲೇ, ಬೇರೆ ಫ್ಯೂಸ್ ಕೊಡಲಿ, ಡ್ಯಾಶ್‌ಬೋರ್ಡಿನಲ್ಲಿ ಒಂದು ಟೆಂಪರೇಚರ್ ಗೇಜೂ ಬಜರ್‌ ಕೂಡ ಇರಲಿ.

ಮತ್ತೆ ನಿಮ್ಮ 328ಐ 2015ಕ್ಕಿಂತ ಹಿಂದಿನದಾದರೆ ಪಂಪಿಗಿಂತ ಮೊದಲು ಟೈಮಿಂಗ್ ಚೈನ್ ಗೈಡ್ (ಇಂಜಿನ್ ಒಳಗಿನ ಚೈನನ್ನು ದಾರಿಯಲ್ಲಿ ಹಿಡಿದಿಡುವ ಪಟ್ಟಿ) ನೋಡಿಸಿ. ಆ ಇಂಜಿನ್ನಿನ ದೊಡ್ಡ ರಗಳೆ ಅದು. ಗಾಡಿಯ ವರ್ಷ ಹೇಳಿ, ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.