ಹಳೆ ಪತ್ರಿಕೆಯ ಮೇಲೆ ‘ಒಂದು ದುಡ್ಡು’ ಅಂತಿದ್ದರೆ ಅದು ಎಷ್ಟು?

‘ಮಂಗಳೂರ ಸಮಾಚಾರ’ ಅನ್ನುವ ಹಳೆ ಪತ್ರಿಕೆಯ ಬೆಲೆ ಒಂದು ದುಡ್ಡು ಅಂತ ಎಲ್ಲೋ ಓದಿದೆ, ದುಡ್ಡು ಅಂದರೆ ಹಣ ತಾನೆ, ‘ಒಂದು ದುಡ್ಡು’ ಅಂದರೇನು ಅಂತ ಕೇಳಿದ್ದೀರಿ. ನೀವು ಓದಿದ್ದು ಸರಿಯಾಗಿಯೇ ಇದೆ. ಆಗ ದುಡ್ಡು ಒಂದು ತಾಮ್ರದ ನಾಣ್ಯದ ಹೆಸರು.

ಲೆಕ್ಕ ಹೀಗೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಾಲ್ಕು ಪೈ ಸೇರಿದರೆ ಒಂದು ದುಡ್ಡು. ಅಲ್ಲಿಗೆ ಆಣೆಗೆ ಮೂರು ದುಡ್ಡು, ರೂಪಾಯಿಗೆ 48. ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನ ಉತ್ತರದ ಜಿಲ್ಲೆಗಳಿಗಾಗಿ 1797ರಲ್ಲಿ ಹೊರಡಿಸಿದ ಇದೇ ಬೆಲೆಯ ತಾಮ್ರದ ನಾಣ್ಯ ನೋಡಿದರೆ, ಅದರ ಮೇಲೆ ರೂಪಾಯಿಗೆ 48 ಅಂತ ಇಂಗ್ಲಿಷಿನಲ್ಲಿ ಬರೆದೇ ಇದೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕಲ್ಲಚ್ಚಿನಲ್ಲಿ ತೆಗೆದ ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ನನಗೆ ತುಂಬಾ ಇಷ್ಟವಾಗುವುದು ಆ ಬೆಲೆ ಹೇಳಿರುವ ರೀತಿ. 1835ರಲ್ಲೇ ಕಂಪನಿ ಸರ್ಕಾರ ಎಲ್ಲ ಕಡೆಗೂ ಒಂದೇ ರೂಪಾಯಿ ಅಂತ ಕಾನೂನು ಮಾಡಿತ್ತು, ಅದರಲ್ಲಿದ್ದ ತಾಮ್ರದ ನಾಣ್ಯಗಳು ಅರ್ಧ ಆಣೆ, ಕಾಲಾಣೆ, ಪೈ ಇಂಥವು, ದುಡ್ಡಿನ ಹೆಸರೇ ಇಲ್ಲ. ಆದರೂ ಪತ್ರಿಕೆಗೆ ಬೆಲೆ ಇಟ್ಟಿದ್ದು ದುಡ್ಡಿನ ಲೆಕ್ಕದಲ್ಲೇ. ಸಂತೆಯಲ್ಲಿ ಸೊಪ್ಪು ಕೊಳ್ಳುವವರಿಗೆ ಅರ್ಥವಾಗುತ್ತಿದ್ದ ಮಾತು ಅದೇ ಅಲ್ವಾ?

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ‘ಹಣ’ವೂ ಹೀಗೆಯೇ ಒಂದು ನಾಣ್ಯ, ಅದು ಚಿನ್ನದ್ದು. ಮೈಸೂರು ಕಡೆಯ ಕಂಠೀರಾಯಿ ಹಣ ನಾಲ್ಕಾಣೆ ಎಂಟು ಪೈಗೆ ಸಮ, ಹತ್ತು ಹಣಕ್ಕೆ ಒಂದು ವರಹ. ಕಾಸೂ ನಾಣ್ಯವೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ‘ಮಯಿಲಿ ಕಾಸು’ ಅಂತ ಕನ್ನಡದಲ್ಲೇ ಕೊರೆದು ಪಕ್ಕದಲ್ಲಿ 20 ಅಂತ ಅಂಕಿ ಹಾಕಿದ್ದಾರೆ. ಅಂದರೆ ಇವತ್ತು ನಾವು ಸುಮ್ನೆ ಒಂದೇ ಅರ್ಥದಲ್ಲಿ ಬಳಸುವ ದುಡ್ಡು, ಹಣ, ಕಾಸು ಮೂರೂ ಒಂದು ಕಾಲಕ್ಕೆ ಬೇರೆ ಬೇರೆ ಬೆಲೆಯ ನಾಣ್ಯಗಳು. ‘ಹತ್ತು ಹಣ ಕೊಟ್ಟ’ ಅಂತ ಹಳೆ ಬರಹದಲ್ಲಿ ಬಂದರೆ ಅದನ್ನು ಹತ್ತು ರೂಪಾಯಿ ಅಂತ ಓದಿಬಿಟ್ಟರೆ ಲೆಕ್ಕ ಪೂರ್ತಿ ಕೆಡುತ್ತದೆ. ಕಂಠೀರಾಯಿ ಹಣವಾದರೆ ಅದು ಮೂರು ರೂಪಾಯಿಗಿಂತ ಕಡಿಮೆ.

ಹಳೆ ಸಂಚಿಕೆ ಓದುವಾಗ ನಾನು ನೋಡುವುದು ‘ದುಡ್ಡು’ ಅನ್ನುವ ಮಾತಿಗೆ ಮೊದಲು ಎಣಿಕೆ ಇದೆಯಾ ಅಂತ. ‘ಎರಡು ದುಡ್ಡು’, ‘ಆರು ದುಡ್ಡು’ ಅಂತ ಎಣಿಸಿದ್ದರೆ ನಾಣ್ಯ. ಎಣಿಕೆಯಿಲ್ಲದೆ ‘ದುಡ್ಡು ಕಳಿಸಿ’, ‘ದುಡ್ಡಿನವರು’ ಅಂತಿದ್ದರೆ ಈಗಿನ ಅರ್ಥ. ಈಗಂತೂ ದುಡ್ಡನ್ನು ಯಾರೂ ಹಾಗೆ ಎಣಿಸುವುದಿಲ್ಲ, ‘ಎರಡು ದುಡ್ಡು ಕೊಡಿ’ ಅಂದರೆ ಅಂಗಡಿಯವರು ಮುಖ ನೋಡುತ್ತಾರೆ.

ಇಪ್ಪತ್ತನೇ ಶತಮಾನದ ಮಾಸಪತ್ರಿಕೆಗಳಲ್ಲಿ ನಿಮಗೆ ಜಾಸ್ತಿ ಸಿಗುವುದು ಆಣೆ. ಚಂದಾ ‘ರೂ. 1-8-0’ ಅಂತಿದ್ದರೆ ರೂಪಾಯಿ, ಆಣೆ, ಪೈ ಅಂತ ಓದಿ, ಒಂದೂವರೆ ರೂಪಾಯಿ. ‘ನ.ಪೈ.’ ಕಂಡರೆ ಅದು ನಯಾಪೈಸೆ (ರೂಪಾಯಿಗೆ ನೂರು), ಆ ಸಂಚಿಕೆ 1957ರ ಏಪ್ರಿಲ್‌ ಆದಮೇಲಿನದು. 1964ರಲ್ಲಿ ‘ನಯಾ’ ಬಿಟ್ಟುಹೋಯಿತು. ತಾರೀಖಿನ ಪುಟ ಹರಿದುಹೋದ ಸಂಚಿಕೆ ಕೈಗೆ ಸಿಕ್ಕರೆ ಮೊದಲು ಬೆಲೆ ನೋಡಿ.