ಹಿಮನದಿ ಮುಂದೆ ಬಂದರೆ ಬೆಳೆಯಿತು ಎಂದರ್ಥವೇ?

ಪ್ರಶ್ನೆ: ಭೂಮಿ ಬಿಸಿಯಾಗಿ ಹಿಮನದಿಗಳು ಹಿಂದೆ ಸರಿಯುತ್ತಿವೆ ಎಂದು ಓದುತ್ತೇವೆ. ಕೆಲವು ಮುಂದೆ ಬರುತ್ತಿವೆ ಎಂದೂ ಓದುತ್ತೇವೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ. ಹಿಂದೆ ಸರಿಯುವ ಹಿಮನದಿಯಲ್ಲೂ ಮಂಜುಗಡ್ಡೆ ಕೆಳಮುಖವಾಗಿಯೇ ಹರಿಯುತ್ತಿರುತ್ತದೆ. ತುದಿಗೆ ಬಂದು ಸೇರುವುದಕ್ಕಿಂತ ಅಲ್ಲಿ ಕರಗುವುದು ಹೆಚ್ಚು, ಅಷ್ಟೇ. ನಿಜವಾದ ಲೆಕ್ಕ ಇರುವುದು ಮೇಲೆ. ಬೇಸಿಗೆಯ ಕೊನೆಗೆ ಹಿಮನದಿಯ ಮೈಮೇಲೆ ಒಂದು ಗೆರೆ ಕಾಣುತ್ತದೆ. ಅದರಿಂದ ಮೇಲಕ್ಕೆ ಹಿಂದಿನ ಚಳಿಗಾಲದ ಹಿಮ ಉಳಿದಿರುತ್ತದೆ. ಕೆಳಕ್ಕೆ ಹೊಸ ಹಿಮವೆಲ್ಲ ಕರಗಿ ಹಳೆಯ ಗಡ್ಡೆ ಬೂದು ಬಣ್ಣದಲ್ಲಿ ಬಯಲಾಗಿರುತ್ತದೆ. ಸಾಮಾನ್ಯ ಕಣಿವೆ ಹಿಮನದಿಯ ಜಮಾ-ಖರ್ಚು ಸರಿಹೋಗಬೇಕಾದರೆ ಅದರ ವಿಸ್ತೀರ್ಣದಲ್ಲಿ ಸುಮಾರು ಶೇ. 60 ಭಾಗ ಈ ಗೆರೆಯ ಮೇಲಿರಬೇಕು. ಗೆರೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದರೆ ನಷ್ಟ ಖಚಿತ.

ಆದರೆ ಆ ನಷ್ಟ ತುದಿಯಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಚಿಕ್ಕದಾದ, ಕಡಿದಾದ ಹಿಮನದಿಗೆ ಕೆಲವೇ ವರ್ಷ ಸಾಕು. ಉದ್ದನೆಯ, ಸಪಾಟಾದದ್ದಕ್ಕೆ ಹಲವು ದಶಕ ಹಿಡಿಯುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಹಿಮನದಿಗಳು ಒಂದೇ ಹವೆಯಲ್ಲಿದ್ದೂ ಬೇರೆ ಬೇರೆ ದಿಕ್ಕಿಗೆ ಸರಿಯಬಹುದು. ನಾರ್ವೆಯ ಬ್ರಿಕ್ಸ್‌ಡಾಲ್ ಹಿಮನದಿ 1990ರ ದಶಕದಲ್ಲಿ ಬೇಗ ಬೇಗ ಮುಂದೆ ಬಂತು. ಅದಕ್ಕೆ ಕೆಲವು ಚಳಿಗಾಲಗಳಲ್ಲಿ ಸುರಿದ ಭಾರಿ ಹಿಮ ಕಾರಣ. 2000ರ ನಂತರ ಅದೇ ವೇಗದಲ್ಲಿ ಹಿಂದೆ ಹೋಯಿತು.

ಪ್ರಶ್ನೆ: ಅಲಾಸ್ಕದ ಹಬ್ಬರ್ಡ್ ಹಿಮನದಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮುಂದೆ ಬರುತ್ತಿದೆಯಂತೆ. ಅಲ್ಲಿ ಸೆಕೆ ಹೆಚ್ಚಿಲ್ಲವೇ?

ಉತ್ತರ: ಹೆಚ್ಚಿದೆ. ಆದರೆ ಹಬ್ಬರ್ಡ್ ಸಮುದ್ರಕ್ಕೆ ಇಳಿಯುವ ಹಿಮನದಿ. ಅದರ ಆಟ ಬೇರೆ. ಅದರ ಶೇ. 95ರಷ್ಟು ಭಾಗ ಆ ಗೆರೆಯ ಮೇಲಿದೆ, ಆದಾಯ ಅಪಾರ. ಮೇಲಾಗಿ ಅದು ಮುಂದೆ ಸರಿಯುವಾಗ ಕಲ್ಲು-ಮಣ್ಣಿನ ದಿಬ್ಬವನ್ನು ತನ್ನ ಮೂತಿಯ ಮುಂದೆ ತಳ್ಳಿಕೊಂಡೇ ಹೋಗುತ್ತದೆ. ಆ ದಿಬ್ಬದ ಮೇಲೆ ನೀರಿನ ಆಳ ಕಡಿಮೆ. ಆಳ ಕಡಿಮೆಯಾದಷ್ಟೂ ಗಡ್ಡೆ ಒಡೆದು ಸಮುದ್ರಕ್ಕೆ ಬೀಳುವುದೂ ಕಡಿಮೆ. ಹೀಗೆ ಮುಂದೆ ಬಂದದ್ದರಿಂದ 1986 ಮತ್ತು 2002ರಲ್ಲಿ ಅದು ರಸೆಲ್ ಫಿಯೋರ್ಡ್ ಎಂಬ ಕಿರಿದಾದ ಕಡಲ ಕೊಲ್ಲಿಯ ಬಾಯಿಯನ್ನೇ ಮುಚ್ಚಿತ್ತು. ಅದೇ ಅಲಾಸ್ಕದ ಕೊಲಂಬಿಯಾ ಹಿಮನದಿ 1980ರ ಸುಮಾರಿಗೆ ತನ್ನ ದಿಬ್ಬದಿಂದ ಕಳಚಿ ಆಳ ನೀರಿಗೆ ಸಿಕ್ಕಿತು. ಆಮೇಲೆ 20 ಕಿಲೋಮೀಟರಿಗೂ ಹೆಚ್ಚು ಹಿಂದೆ ಹೋಗಿದೆ. ಸಮುದ್ರದ ಹಿಮನದಿಯ ತುದಿಯನ್ನು ತೋರಿಸಿ ಹವಾಮಾನದ ವಾದ ಮಾಡುವವರನ್ನು, ಅವರು ಯಾವ ಕಡೆಯವರಾದರೂ, ನಂಬಬೇಡಿ.

ಪ್ರಶ್ನೆ: ಹಿಮಾಲಯದ ವಾಯವ್ಯಕ್ಕಿರುವ ಕಾರಕೋರಂ ಪರ್ವತಗಳಲ್ಲೂ ಕೆಲವು ಹಿಮನದಿಗಳು ಮುಂದೆ ಬರುತ್ತಿವೆಯಂತೆ. ಅಲ್ಲಿ ಸಮುದ್ರವಿಲ್ಲವಲ್ಲ?

ಉತ್ತರ: ಅಲ್ಲಿ ಎರಡು ಸಂಗತಿ ಬೆರೆತಿವೆ. ಒಂದು, ‘ಸರ್ಜ್’. ಕೆಲವು ಹಿಮನದಿಗಳು ದಶಕಗಟ್ಟಲೆ ನಿಧಾನವಾಗಿದ್ದು ಮೇಲ್ಭಾಗದಲ್ಲಿ ಗಡ್ಡೆ ಕೂಡಿಡುತ್ತವೆ. ತಳದ ನೀರು ಹೊರಹೋಗುವ ದಾರಿ ಕಟ್ಟಿಕೊಂಡಾಗ ಒತ್ತಡ ಏರಿ ಗಡ್ಡೆ ತಳದಿಂದ ಸಡಿಲಗೊಂಡು ಜಾರುತ್ತದೆ. ಅಲಾಸ್ಕದ ವೇರಿಗೇಟೆಡ್ ಹಿಮನದಿ 1982-83ರಲ್ಲಿ ಒಂದು ಹಂತದಲ್ಲಿ ದಿನಕ್ಕೆ ಸುಮಾರು 65 ಮೀಟರ್ ಓಡಿತ್ತು. ಇದು ಬೆಳವಣಿಗೆಯಲ್ಲ, ಮೇಲಿದ್ದದ್ದು ಕೆಳಗೆ ಬಂತು. ಕೆಳಗೆ ಬಂದದ್ದು ಇನ್ನೂ ಬೇಗ ಕರಗುತ್ತದೆ. ಕಾರಕೋರಂನ ಹುಂಜಾ ಕಣಿವೆಯ ಶಿಶ್ಪರ್ ಹಿಮನದಿ 2018ರಲ್ಲಿ ಹೀಗೇ ನುಗ್ಗಿ ಪಕ್ಕದ ಕಣಿವೆಯ ನೀರಿಗೆ ಅಡ್ಡ ನಿಂತಿತು. ಹಾಗೆ ಕಟ್ಟಿಕೊಳ್ಳುತ್ತಿದ್ದ ಕೆರೆ 2022ರ ಮೇ ತಿಂಗಳಲ್ಲಿ ನುಗ್ಗಿ ಹರಿದು ಹಸನಾಬಾದ್ ಸೇತುವೆ ಕೊಚ್ಚಿಹೋಯಿತು.

ಎರಡನೆಯದು, ಹಿಮ ಬೀಳುವ ಕಾಲ. ಕಾರಕೋರಂಗೆ ಹೆಚ್ಚಿನ ಹಿಮ ಚಳಿಗಾಲದ ಪಶ್ಚಿಮದ ಗಾಳಿಯಿಂದ. ಆಗ ಒಂದೆರಡು ಡಿಗ್ರಿ ಸೆಕೆ ಏರಿದರೂ ಬೀಳುವುದು ಹಿಮವೇ. ಪೂರ್ವ ಹಿಮಾಲಯದ ಹಿಮ ಬರುವುದು ಬೇಸಿಗೆಯ ಮುಂಗಾರಿನಲ್ಲಿ. ಅಲ್ಲಿ ಅಷ್ಟೇ ಸೆಕೆ ಏರಿದರೆ ಹಿಮದ ಬದಲು ಮಳೆ ಸುರಿಯುತ್ತದೆ. ಹೊಸ ಬಿಳಿ ಹೊದಿಕೆ ಇಲ್ಲದ ಕೊಳಕು ಗಡ್ಡೆ ಬಿಸಿಲನ್ನು ಹೀರುತ್ತದೆ, ಎರಡು ಕಡೆಯಿಂದಲೂ ಪೆಟ್ಟು.

ಪ್ರಶ್ನೆ: ಹಾಗಾದರೆ ಹಿಮನದಿಯ ಆರೋಗ್ಯವನ್ನು ಅಳೆಯುವುದು ಹೇಗೆ?

ಉತ್ತರ: ಕೆಳಭಾಗದಲ್ಲಿ ಹಬೆಯ ಡ್ರಿಲ್‌ನಿಂದ ಹಲವು ಮೀಟರ್ ಆಳದ ತೂತು ಕೊರೆದು ಬಿದಿರಿನ ಗಳು ಇಳಿಸುತ್ತಾರೆ. ವರ್ಷದ ಬಳಿಕ ಗಳು ಎಷ್ಟು ಹೊರಬಂದಿದೆಯೋ ಅಷ್ಟು ಗಡ್ಡೆ ಕರಗಿದೆ, ಅದನ್ನು 0.9ರಿಂದ ಗುಣಿಸಿದರೆ ನೀರಿನ ಲೆಕ್ಕ. ಮೇಲ್ಭಾಗದಲ್ಲಿ ಹಿಂದಿನ ಬೇಸಿಗೆಯ ಕೊಳೆ ಪದರ ಸಿಗುವವರೆಗೆ ಗುಂಡಿ ತೋಡಿ ಹಿಮವನ್ನು ತೂಗುತ್ತಾರೆ. 2 ಮೀಟರ್ ಹಿಮ, ಸಾಂದ್ರತೆ ನೀರಿನ 0.45 ಪಟ್ಟು ಇದ್ದರೆ 0.9 ಮೀಟರ್ ನೀರು. ಗಳುವಿನ ಆಳ ಸಾಲದಿದ್ದರೆ ಬೇಸಿಗೆ ಮುಗಿಯುವ ಮೊದಲೇ ಬಿದ್ದುಹೋಗಿ ಆ ವರ್ಷದ ಅಳತೆ ಕೈತಪ್ಪುತ್ತದೆ.

ಕಲ್ಲು-ಮಣ್ಣು ಮುಚ್ಚಿದ ಹಿಮನದಿಯಲ್ಲಿ ಇನ್ನೂ ಎಚ್ಚರ ಬೇಕು. ಒಂದೆರಡು ಸೆಂಟಿಮೀಟರಿಗಿಂತ ತೆಳುವಾದ ಮಣ್ಣು ಕರಗುವಿಕೆಯನ್ನು ಹೆಚ್ಚಿಸುತ್ತದೆ, ದಪ್ಪ ಪದರ ತಡೆಯುತ್ತದೆ. ಇಂಥ ಹಿಮನದಿಯ ತುದಿ ವರ್ಷಗಟ್ಟಲೆ ಅಲ್ಲೇ ಇದ್ದರೂ ಮೈ ಮಾತ್ರ ತೆಳುವಾಗುತ್ತಿರುತ್ತದೆ. ಆದ್ದರಿಂದ ಅಲ್ಲಿ ಗಳುಗಳ ಜೊತೆಗೆ ಉಪಗ್ರಹದಿಂದ ಎತ್ತರದ ನಕ್ಷೆ ತೆಗೆದು, ಹಳೆಯದರೊಂದಿಗೆ ಕಳೆದು ನೋಡುತ್ತಾರೆ.