ರೆಡ್ ಆಕ್ಸೈಡ್ ನೆಲಕ್ಕೆ ಯಾವ ಬಣ್ಣದ ಸೋಫಾ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಹಳೇ ಮನೆ. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ತಿಳಿ ಹಳದಿ ಗೋಡೆ, ಉತ್ತರಕ್ಕೆ ಒಂದೇ ಕಿಟಕಿ. ಹೊಸ ಸೋಫಾ ತಗೋಬೇಕು. ಮಗಳು ಬೂದು ಬಣ್ಣ ಅಂತಾಳೆ, ನಮ್ಮ ಯಜಮಾನರಿಗೆ ಮರೂನ್ ಇಷ್ಟ. ಯಾವುದು ಸರಿ?

ಉತ್ತರ: ಮರೂನ್ ಬೇಡ ಮೇಡಂ. ನೆಲವೇ ಕೆಂಪು, ಅದರ ಮೇಲೆ ಮರೂನ್ ಇಟ್ಟರೆ ಹಾಲ್ ಇನ್ನೂ ಕತ್ತಲೆ ಅನ್ನಿಸುತ್ತದೆ. ಬೂದು? ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚು ಕಾಲ ನೇರ ಬಿಸಿಲು ಬರುವುದಿಲ್ಲ, ಬರುವ ಬೆಳಕಿಗೂ ತುಸು ನೀಲಿ ಛಾಯೆ ಇರುತ್ತದೆ, ಹಾಗಾಗಿ ಅಂಗಡಿಯಲ್ಲಿ ಚೆಂದ ಕಂಡ ಬೂದು ನಿಮ್ಮ ಮನೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮಂಕಾಗಿ ಕಾಣುವುದೇ ಜಾಸ್ತಿ.

ನನ್ನ ಓಟು ಆಲಿವ್ ಹಸಿರಿಗೆ. ಕೆಂಪಿಗೆ ಹಸಿರು ಎದುರು ಬಣ್ಣ, ಅಲ್ವಾ? ಪಕ್ಕಪಕ್ಕ ಇದ್ದರೆ ಎರಡೂ ಎದ್ದು ಕಾಣುತ್ತವೆ. ಆದರೆ ತೀರಾ ಗಾಢ ಬೇಡ. ಗೋಧಿ ಬಣ್ಣವೂ ಒಪ್ಪುತ್ತದೆ, ಕಾಫಿ ಕಲೆ ಮಾತ್ರ ಮುಚ್ಚಿಡಲಾಗದು, ಜಿಪ್ ಇರುವ, ತೆಗೆದು ಒಗೆಯುವ ಕವರ್ ಇದ್ದರಷ್ಟೇ ತಗೊಳ್ಳಿ.

ಅಂಗಡಿಯ ಜಗಮಗ ದೀಪದಲ್ಲಿ ಸುಮ್ನೆ ಬಣ್ಣ ಆರಿಸಬೇಡಿ. ಬಟ್ಟೆಯ ಸ್ಯಾಂಪಲ್ ಮನೆಗೆ ತಂದು ನೆಲದ ಮೇಲಿಟ್ಟು ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಹಾಲ್‌ನಲ್ಲಿ 6500 ಕೆಲ್ವಿನ್‌ನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ಬಿಳೀ ಎಲ್‌ಇಡಿ ಇದ್ದರೆ ಹಳದಿ ಛಾಯೆಯ 3000ದ್ದಕ್ಕೆ ಬದಲಿಸಿ, ಆಕ್ಸೈಡ್ ನೆಲದ ಕಳೆಯೇ ಬೇರೆ. ಯಜಮಾನರಿಗೆ ಎರಡು ಮರೂನ್ ದಿಂಬು ಕೊಡಿಸಿ, ಜಗಳ ಬೇಡ.